ಪಕ್ಕದ ಅಂಗಡಿಯ ಸದ್ದು

ಜೂನ್ 3, ಬೆಳಗ್ಗೆ

ಬಾಗಿಲಿಲ್ಲದ ಮನೆಯ ಕಥೆಯನ್ನು ಮೊದಲು ಹೇಳಿದವಳು ಅಜ್ಜಿ. ಚಿಕ್ಕವಳಾಗಿದ್ದ ಅಮ್ಮನಿಗೆ ದಡಾರ ಎದ್ದು, ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದ ಬೇಸಿಗೆಯಲ್ಲಿ. ಅಮ್ಮ ಅದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ. ನಿನ್ನೆ ಸಂಜೆ ಮತ್ತೆ ಹೇಳಿದಳು, ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಳ್ಳಲು ಬಂದ ಗಿರಾಕಿಯೊಬ್ಬನಿಗೆ. ಹೊಲಿಗೆ ಮಷೀನು ಓಡಿಸುತ್ತಲೇ. ನಾನು ಲೈವ್‌ನಲ್ಲಿದ್ದೆ.

ನಮ್ಮದು ಇರುವುದೇ ಒಂದು ಕೋಣೆ. ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿಕೊಂಡಿದ್ದೇವೆ. ಆಚೆ ಕಿಟಕಿಯ ಪಕ್ಕ ಅಮ್ಮನ ಮಷೀನು. ಈಚೆ ನನ್ನ ಕಂಪ್ಯೂಟರು. ಓಡಾಡಲು ಒಂದು ಪಕ್ಕ ಬಟ್ಟೆಯ ಪರದೆ. ಹಲಗೆ ಸೂರಿಗೆ ಮುಟ್ಟುವುದಿಲ್ಲ. ಮೇಲಿನ ಸಂದಿಯಿಂದ ಅಮ್ಮನ ಮಾತೆಲ್ಲ ಈಚೆಗೆ ಇಳಿಯುತ್ತದೆ.

ಹಗಲು ಕೊರಿಯರ್ ಆಫೀಸಿನ ಕೌಂಟರು. ಸಂಜೆ ಏಳಾದರೆ ಪರದೆಯ ಮೇಲೆ ಲಾರಿ. ಲಾರಿ ಓಡಿಸುವ ಆಟ. ಓಡಿಸುತ್ತ ಹರಟುತ್ತೇನೆ, ಒಂದು ಬಸ್ಸು ತುಂಬುವಷ್ಟು ಜನ ಎಲ್ಲೆಲ್ಲಿಂದಲೋ ಕೂತು ನೋಡುತ್ತಾರೆ. 'ಡ್ರೈವರಕ್ಕ' ಅನ್ನುತ್ತಾರೆ. ಹೊಲಿಗೆ ಮಷೀನಿನ ಸದ್ದನ್ನು ಇಷ್ಟು ದಿನ ಲಾರಿಯದೇ ಅಂದುಕೊಂಡಿದ್ದರಂತೆ! ನಿನ್ನೆ ಲಾರಿ ನಿಂತಿತು, ಸದ್ದು ನಿಲ್ಲಲಿಲ್ಲ. ಮೇಲಿಂದ ಕಥೆ ಬೇರೆ.

'ಬ್ರೇಕ್ ಫೇಲ್' ಅಂತ ಹೆಸರಿಟ್ಟುಕೊಂಡವನು ಬರೆದ: "ಅಕ್ಕಾ, ಕೀ ತೆಗೆದ್ರೂ ಇಂಜಿನ್ ಓಡ್ತಿದೆ. ದೆವ್ವ ಹೊಕ್ಕಿದೆ ಲಾರಿಗೆ."

'ರಾತ್ರಿಗೂಬೆ' ಅನ್ನುವವಳು ಬರೆದಳು: "ಸುಮ್ನಿರೋ, ನಾನು ಬಡಗಿ ಕಥೆ ಕೇಳ್ತಿದ್ದೀನಿ. ಯಾರಕ್ಕಾ ಅದು ಹೇಳ್ತಿರೋದು?"

ನಾನು ಬಾಯಿಬಿಟ್ಟು ಹೇಳಿದೆ: "ಪಕ್ಕದ ಅಂಗಡಿ. ಯಾರೋ ಟೈಲರ್ ಹೆಂಗಸು. ಎಷ್ಟು ಹೇಳಿದ್ರೂ ಬಾಯಿ ಮುಚ್ಚಲ್ಲ."

ಮೈಕ್ ಆಫ್ ಮಾಡಿದೆ. ಕಥೆಯ ನಡುವೆಯೇ. ಬಡಗಿ ಇನ್ನೂ ಒಳಗೇ ಇದ್ದ.

ನಾಲಿಗೆ ತಾನಾಗಿ ಹೊರಳಿತು ಅಂತ ಬರೆದುಕೊಳ್ಳಬಹುದು. ಸುಳ್ಳು. ಬೆನ್ನ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟು ಕೂರುತ್ತೇನೆ, ಸ್ಟುಡಿಯೋ ತರ ಕಾಣಲಿ ಅಂತ. ಆ ಬಟ್ಟೆಯ ಹಿಂದೆ ಹಗ್ಗಕ್ಕೆ ನೇತುಹಾಕಿದ ಗಿರಾಕಿಗಳ ಪ್ಯಾಂಟುಗಳಿವೆ ಅಂತ ನೋಡುವವರಿಗೆ ತಿಳಿಯಬಾರದು. ಅಷ್ಟೇ ವಿಷಯ.

ಆ ಕಪ್ಪು ಬಟ್ಟೆ ಹೊಲಿದು ಕೊಟ್ಟವಳೂ ಅಮ್ಮನೇ.

ಜೂನ್ 5

ನಿನ್ನೆ ಲೈವ್‌ನಲ್ಲಿ ಸೇತುವೆ ಮೇಲೆ ಲಾರಿ ಹೆಪ್ಪುಗಟ್ಟಿ ನಿಂತಿತು. ಮುಂದಿನ ಚಕ್ರ ಗಾಳಿಯಲ್ಲಿ. ನನ್ನ ಮುಖವೂ ಬಾಯಿ ತೆರೆದುಕೊಂಡು ನಿಂತಿತಂತೆ. ಬ್ರೇಕ್ ಫೇಲ್ ಅದರ ಫೋಟೋ ತೆಗೆದು ಎಲ್ಲರಿಗೂ ಹಂಚಿದ. ಸಾಕು. ಈ ಮುದಿ ಕಂಪ್ಯೂಟರಿಗೆ ಆಟವನ್ನೂ ಲೈವನ್ನೂ ಒಟ್ಟಿಗೆ ಹೊರುವ ತ್ರಾಣ ಇಲ್ಲ. ಹೊಸದು ಕಟ್ಟಿಸಲೇಬೇಕು.

ಇವತ್ತು ಆಫೀಸಿನಿಂದ ಬರುವಾಗ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯವರನ್ನು ನಾನು 'ಆಗುತ್ತಣ್ಣ' ಅಂತ ಕರೆಯುವುದು, ಮನಸ್ಸಿನಲ್ಲಿ. ಏನು ಕೇಳಿದರೂ ಅದೇ ಉತ್ತರ.

"ಆಟಾನೂ ಆಡ್ಬೇಕು, ಲೈವೂ ಹೋಗ್ಬೇಕಣ್ಣ. ಒಂದೇ ಮಷೀನಲ್ಲಿ."

"ಆಗುತ್ತಮ್ಮ."

"ತೀರಾ ಮೇಲಿನದು ಬೇಡ. ತೀರಾ ಕೆಳಗಿನದೂ ಬೇಡ."

"ಆಗುತ್ತೆ. ನಡುಮಧ್ಯದ್ದೇ ತಲೆನೋವು, ಆದ್ರೂ ಆಗುತ್ತೆ. ಒಂದಕ್ಕೆ ಜಾಸ್ತಿ ಹಾಕಿದ್ರೆ ಇನ್ನೊಂದಕ್ಕೆ ಕೈ ಬಿಗಿ ಹಿಡೀಬೇಕು. ನಿಮಗೆ ಯಾವುದು ಮುಖ್ಯ, ಅದನ್ನ ಮೊದಲು ಹೇಳಿ."

ಯಾವುದು ಮುಖ್ಯ ಅಂತ ಗೊತ್ತಿತ್ತು. ಹೇಳಲಿಲ್ಲ. "ನೋಡ್ತೀನಣ್ಣ" ಅಂದೆ.

ಪ್ರೊಸೆಸರ್ ಆರು ಕೋರಿನದು ಸಾಕಂತೆ. ಲೈವ್ ಚಿತ್ರವನ್ನು ಕಟ್ಟಿ ಕಳಿಸುವ ಕೆಲಸ ಗ್ರಾಫಿಕ್ಸ್ ಕಾರ್ಡೇ ಮಾಡಿಕೊಳ್ಳುತ್ತದೆ. ನಮ್ಮ ಆಫೀಸಿನ ಹಾಗೇ. ಕೌಂಟರಿನಲ್ಲಿ ನಾನು ಪಾರ್ಸೆಲ್ ತಗೊಳ್ಳುತ್ತೇನೆ, ಹಿಂದೆ ಪ್ಯಾಕ್ ಮಾಡುವವರು ಬೇರೆ. ಅವರಿದ್ದರೆ ನಾನು ಕೈಕಾಲು ಬಡಿದುಕೊಳ್ಳಬೇಕಿಲ್ಲ. ಮೆಮೊರಿ ಒಂದೇ ದೊಡ್ಡ ಪಟ್ಟಿ ಬೇಡ, ಎರಡು ಸಣ್ಣವು ಜೋಡಿಯಾಗಿ ಹಾಕಿದರೆ ಓಟ ಚುರುಕು. ಪವರ್ ಸಪ್ಲೈಯಲ್ಲಿ ಮಾತ್ರ ಜುಗ್ಗತನ ಬೇಡ ಅಂದರು. ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ ಇರಲಿ. "ಉಸಿರಾಡ್ಬೇಕಮ್ಮ ಅದು."

ಮನೆಗೆ ಬಂದು ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಕೇಳದೆ ಬಿಡುವವಳಲ್ಲ.

"ಈ ಮದರ್‌ಬೋರ್ಡು ಅಂದ್ರೇನೇ?"

"ಎಲ್ಲ ಅದಕ್ಕೇ ಚುಚ್ಚೋದು."

"ಹೆಸರಿಗೆ ತಕ್ಕ ಹಾಗೇ ಇದೆ ಬಿಡು."

ನಕ್ಕೆವು ಇಬ್ಬರೂ. ನಗುವಾಗ ಮೊನ್ನೆಯ ಮಾತು ನೆನಪಾಯಿತು. ಎದ್ದು ಈಚೆ ಬಂದೆ.

ಜೂನ್ 8, ಭಾನುವಾರ

ಎಲ್ಲ ಆಯಿತು. ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಎರಡು ಕಾರ್ಡುಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಬೆಲೆ ಹೆಚ್ಚುಕಡಿಮೆ ಅಷ್ಟೇ.

ಮೊದಲನೆಯದು ನನ್ನ ಆಟಕ್ಕೆ ಹೇಳಿ ಮಾಡಿಸಿದ್ದು. ಲಾರಿ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡುತ್ತದೆ. ಅದರ ಮೆಮೊರಿಯೂ ಜಾಸ್ತಿ. ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ತಗೊಳ್ಳಿ ಅನ್ನುತ್ತಾರೆ. ಎರಡನೆಯದು ಓಟದಲ್ಲಿ ಒಂದು ಹೆಜ್ಜೆ ಹಿಂದೆ. ಆದರೆ ಅದರ ಜೊತೆ ಒಂದು ಸಾಫ್ಟ್‌ವೇರ್ ಬರುತ್ತದೆ. ಮೈಕಿನ ಮುಂದೆ ಕೂತವರ ದನಿಯೊಂದನ್ನೇ ಉಳಿಸಿಕೊಂಡು ಉಳಿದಿದ್ದನ್ನೆಲ್ಲ ಒರೆಸಿ ಹಾಕುತ್ತದೆ. ಫ್ಯಾನು, ನಾಯಿ, ಬಾಗಿಲು, ಪಾತ್ರೆ. ಹಿಂದೆ ಯಾರಾದರೂ ಮಾತಾಡುತ್ತಿದ್ದರೆ ಅವರನ್ನೂ. ವಿಡಿಯೋದಲ್ಲಿ ಒಬ್ಬ ಪಕ್ಕದಲ್ಲೇ ತಟ್ಟೆ ಬಡಿಯುತ್ತ ತೋರಿಸಿದ. ಒಂದಿಷ್ಟೂ ಕೇಳಲಿಲ್ಲ.

ಆ ವಿಡಿಯೋ ಮತ್ತೆ ಮತ್ತೆ ನೋಡಿದೆ. ಆಚೆ ಅಮ್ಮ ಗಿರಾಕಿಯ ಜೊತೆ ಯಾರದೋ ಮನೆಯ ಬೆಕ್ಕಿನ ವಿಷಯ ಹೇಳುತ್ತಿದ್ದಳು. ಬೆಕ್ಕು ಹೇಗೆ ನಡೆಯಿತು ಅಂತ ನಡೆದು ತೋರಿಸುತ್ತಿದ್ದಳು ಅಂತ ಕಾಣುತ್ತದೆ. ಗಿರಾಕಿ ಬಿದ್ದುಬಿದ್ದು ನಗುತ್ತಿದ್ದ.

ಎರಡನೆಯದನ್ನೇ ಹೇಳಿದೆ.

"ಲಾರಿ ಆಟಕ್ಕೆ ಮೊದಲನೇದು ಒಳ್ಳೇದಿತ್ತಲ್ಲಮ್ಮ?" ಅಂದರು ಆಗುತ್ತಣ್ಣ.

"ಇದ್ರಲ್ಲಿ ಚಿತ್ರ ಚೆನ್ನಾಗಿ ಹೋಗುತ್ತಂತೆ."

"...ಆಗುತ್ತಮ್ಮ."

ಅಮ್ಮನಿಗೂ ಅದನ್ನೇ ಹೇಳಿದೆ. ಬಣ್ಣ ಚೆನ್ನಾಗಿರುತ್ತೆ ಅಂತ.

"ಒಗೆದ್ರೆ ಬಿಡಲ್ವಾ?" ಅಂದಳು.

ಅವಳ ದನಿ ಒರೆಸಲಿಕ್ಕೆ ಕಾರ್ಡು ಆರಿಸುತ್ತಿದ್ದೇನೆ, ಅವಳು ಬಣ್ಣದ ಮೇಲೆ ತಮಾಷೆ ಮಾಡುತ್ತಿದ್ದಾಳೆ. ಥೂ.

ಜೂನ್ 14

ಜೋಡಣೆ. ನಾನೇ ಮಾಡುತ್ತೇನೆ ಅಂದಿದ್ದೆ. ಅಮ್ಮ ಬಟ್ಟೆ ಕತ್ತರಿಸುವ ಮೇಜು ಖಾಲಿ ಮಾಡಿಕೊಟ್ಟು, ಒಗೆದ ಚಾದರ ಹಾಸಿದಳು. ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಅಮ್ಮ ಒಳಗಿನ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಮಡಿಸಿ ಇಟ್ಟುಕೊಂಡಳು, ಗುಂಡಿ ಹಾಕಿಡಲು.

ಪ್ರೊಸೆಸರ್ ಕೂರಿಸುವಾಗ ಇಬ್ಬರೂ ಉಸಿರು ಹಿಡಿದಿದ್ದೆವು. ಅದರ ಮೇಲೆ ಶಾಖ ಎಳೆಯುವ ಪೇಸ್ಟ್ ಬಟಾಣಿ ಗಾತ್ರ ಹಾಕಿದೆ. ಒಂದು ಸ್ಕ್ರೂ ಜಾರಿ ಪವರ್ ಸಪ್ಲೈ ಸಂದಿಗೆ ಬಿತ್ತು. ಬೆರಳು ಹೋಗುವುದಿಲ್ಲ. ಅಮ್ಮ ಗುಂಡುಸೂಜಿ ಎತ್ತುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಬಾವಿಗೆ ಬಿಂದಿಗೆ ಇಳಿಸಿದ ಹಾಗೆ ಇಳಿಸಿದಳು. ಟಕ್. ಸ್ಕ್ರೂ ಜೊತೆ ಮೇಲೆ ಬಂತು.

"ಕೂಲಿ ಎಷ್ಟು ಕೊಡ್ತೀಯ?" ಅಂದಳು.

ಮೊದಲ ಸಲ ಗುಂಡಿ ಒತ್ತಿದಾಗ ಏನೂ ಆಗಲಿಲ್ಲ. ಹಿಂದೆ ಬಗ್ಗಿ ನೋಡಿದೆ. ಹಿಂದಿನ ಸ್ವಿಚ್ಚೇ ಹಾಕಿರಲಿಲ್ಲ. ಎರಡನೇ ಸಲ ದೀಪ ಹತ್ತಿತು. ಫ್ಯಾನು ತಿರುಗಿತು. ಅಮ್ಮ ಚಪ್ಪಾಳೆ ತಟ್ಟಿದಳು, ಮಗು ನಡೆದದ್ದು ನೋಡಿದವರ ಹಾಗೆ.

ಎಷ್ಟು ಒಳ್ಳೆಯ ದಿನವಾಗಬಹುದಿತ್ತು.

ಜೂನ್ 15

ಸದ್ದಿನ ಪರೀಕ್ಷೆ. "ಅಮ್ಮಾ, ಸ್ವಲ್ಪ ಮಷೀನ್ ಓಡಿಸಿ ಏನಾದ್ರೂ ಮಾತಾಡು" ಅಂದೆ. ಯಾಕೆ ಅಂತ ಕೇಳಲಿಲ್ಲ. ತನ್ನ ದನಿಯನ್ನೂ ನಾನು ಪರೀಕ್ಷೆ ಮಾಡುತ್ತೇನೆ ಅಂದುಕೊಂಡಿರಬೇಕು. ಗಂಟಲು ಸರಿ ಮಾಡಿಕೊಂಡಳು. ಒಂದು ಲೋಟ ನೀರು ಕುಡಿದಳು. ಚಿಂದಿ ಬಟ್ಟೆಯೊಂದನ್ನು ಸೂಜಿಯ ಕೆಳಗಿಟ್ಟು ಶುರು ಮಾಡಿದಳು, ಅವಳ ಅತಿ ಒಳ್ಳೆಯ ದನಿಯಲ್ಲಿ: "ಒಂದೂರಲ್ಲಿ ಒಬ್ಬ ಬಡಗಿ ಇದ್ದ. ಊರಿಗೆಲ್ಲ ಮನೆ ಕಟ್ಟಿಕೊಟ್ಟಿದ್ದ..."

ನಾನು ಈಚೆ "ಹಲೋ ಹಲೋ" ಅಂದೆ. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಕೇಳಿದೆ. ಹಲೋ ಹಲೋ. ಮತ್ತೇನಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದ ಹಾಗೆ.

ಅಮ್ಮ ಪರದೆ ಸರಿಸಿ ಬಂದಳು. ಹಣೆಯ ಮೇಲೆ ದಾರದ ತುಂಡು. "ಹೇಗೆ ಬಂದಿದೆ? ನನಗೂ ಒಂಚೂರು ಕೇಳಿಸೇ."

"ಸೇವ್ ಆಗ್ಲಿಲ್ಲಮ್ಮ."

"ಹೋಗ್ಲಿ ಬಿಡು, ಇನ್ನೊಂದ್ಸಲ ಹೇಳ್ತೀನಿ ಬೇಕಾದ್ರೆ."

ಬೇಡ ಅಂದೆ.

ಜುಲೈ 2

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಮೇಲಿನ ಪುಟ ಕಣ್ಣಿಗೆ ಬೀಳುತ್ತದೆ.

ಲೈವ್ ಚೆನ್ನಾಗಿ ನಡೆಯುತ್ತಿದೆ. ಬಸ್ಸು ತುಂಬಿ ಈಗ ಇನ್ನೊಂದು ಬಸ್ಸು. "ಅಕ್ಕಾ, ನಿಮ್ಮ ವಾಯ್ಸ್ ರೇಡಿಯೋ ತರ ಬರ್ತಿದೆ" ಅನ್ನುತ್ತಾರೆ. ಆದರೆ ರಾತ್ರಿಗೂಬೆ ಬಿಡುತ್ತಿಲ್ಲ. ದಿನಾ ಒಂದೇ ಪ್ರಶ್ನೆ.

"ಬಡಗಿ ಹೊರಗೆ ಬಂದ್ನಾ?"

ಅಂದು ಅವರು ಕೇಳಿದ್ದು ಅರ್ಧ ಕಥೆ. ಬಡಗಿ ಊರಿಗೆಲ್ಲ ಮನೆ ಕಟ್ಟಿ, ಕೊನೆಗೆ ತನಗೊಂದು ಕಟ್ಟಿಕೊಳ್ಳುತ್ತಾನೆ. ಒಳಗೆ ನಿಂತುಕೊಂಡೇ ಹಲಗೆಗೆ ಹಲಗೆ ಕೂರಿಸಿ ಮೊಳೆ ಹೊಡೆಯುತ್ತಾನೆ, ಎಲ್ಲೂ ಬೆಳಕು ಸೋರದ ಹಾಗೆ. ಕಡೆಯ ಮೊಳೆ ಹೊಡೆದು ಬೆವರು ಒರೆಸಿಕೊಂಡಾಗ ನೆನಪಾಗುತ್ತದೆ: ಬಾಗಿಲು ಇಟ್ಟಿಲ್ಲ. ಗರಗಸ, ಕೊಡಲಿ ಎರಡೂ ಅಂಗಳದಲ್ಲಿ. ದಾರಿಯಲ್ಲಿ ಹೋಗುವವರು ಕೂಗುತ್ತಾರೆ, "ಏನಪ್ಪಾ, ಹೊರಗೆ ಬರಲ್ವಾ?" ಬಾಗಿಲು ಮರೆತೆ ಅಂತ ಹೇಳಲು ನಾಚಿಕೆ. "ಒಳಗೆ ತಂಪಾಗಿದೆ ಕಣ್ರೀ. ಬರೋ ಮನಸ್ಸಿಲ್ಲ" ಅನ್ನುತ್ತಾನೆ.

ಅಲ್ಲಿಗೆ ನಾನು ಮೈಕ್ ಆಫ್ ಮಾಡಿದ್ದೆ.

ಮುಂದೇನು ಅಂತ ನನಗೂ ಗೊತ್ತಿಲ್ಲ! ಚಿಕ್ಕವಳಿದ್ದಾಗ ಪ್ರತಿ ಸಲವೂ ಅಲ್ಲಿಗೇ ನಿದ್ದೆ ಬರುತ್ತಿತ್ತು. ಊರವರು ಬಂದು ಬಡಗಿಗೆ ಬುದ್ಧಿ ಹೇಳಲು ಶುರು ಮಾಡಿದರೆ ನನ್ನ ರೆಪ್ಪೆ ಮುಚ್ಚುತ್ತಿತ್ತು.

ನೋಡುವವರಲ್ಲಿ ದೊಡ್ಡ ಚರ್ಚೆ. ನೆಲ ಅಗೆದು ಬಂದ ಅಂತ ಒಬ್ಬ. ಸೂರು ಕಿತ್ತ ಅಂತ ಇನ್ನೊಬ್ಬ. "ಆನ್‌ಲೈನಲ್ಲಿ ಬಾಗಿಲು ಆರ್ಡರ್ ಮಾಡಿದ" ಅಂತ ಬ್ರೇಕ್ ಫೇಲ್.

"ಆ ಟೈಲರಮ್ಮನ್ನ ಕೇಳಿ ಹೇಳಕ್ಕಾ" ಅಂದಳು ಗೂಬೆ.

"ಅಂಗಡಿ ಖಾಲಿ ಮಾಡ್ಕೊಂಡು ಹೋದ್ರು."

"ಕಥೆ ಮುಗಿಸ್ದೆ ಹೋಗೋದು ಮೋಸ."

ಹಲಗೆಯ ಆಚೆ ಮಷೀನು ಓಡುತ್ತಿತ್ತು. ಅವರಿಗೆ ಕೇಳಿಸುತ್ತಿರಲಿಲ್ಲ.

ಜುಲೈ 11, ರಾತ್ರಿ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆಫೀಸಿನಲ್ಲಿ ಸ್ಕ್ಯಾನರ್ ಕೆಟ್ಟು ತಡವಾಯಿತು. ಮನೆಗೆ ಓಡಿ ಬಂದೆ. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು, ಕಳ್ಳನಗೆ ನಗುತ್ತ. ಕಂಪ್ಯೂಟರಿಗೆ ಗವಸು ಹೊಲಿದಿದ್ದಾಳೆ. ನಾನಿಲ್ಲದಾಗ ಟೇಪು ಹಿಡಿದು ಅಳತೆ ತೆಗೆದಿದ್ದಾಳೆ. ಹಸಿರು ಕಾರ್ಡುರಾಯ್ ಬಟ್ಟೆ, ಒಳಗೆ ಅಸ್ತರಿ. ಹಿಂದೆ ಒಂದೊಂದು ವೈರಿಗೂ ಒಂದೊಂದು ತೂತು, ಪ್ರತಿ ತೂತಿಗೂ ಕೋಟಿನ ಗುಂಡಿತೂತಿಗೆ ಹಾಕುವಂಥ ಕಾಜಾ ಹೊಲಿಗೆ. ಮೇಲೆ ಗಾಳಿಗೆ ಜಾಗ ಬಿಟ್ಟಿದ್ದಾಳೆ.

"ಮುಂದೆ ತುಂಬಾ ಸಣ್ಣಸಣ್ಣ ತೂತಿತ್ತು, ಧೂಳು ಹೋಗುತ್ತೆ ಅಂತ ಮುಚ್ಚಿದ್ದೀನಿ. ಪರವಾಗಿಲ್ವಾ ನೋಡು" ಅಂದಳು.

"ಹೂಂ ಹೂಂ, ಚೆನ್ನಾಗಿದೆ" ಅಂದೆ. ನೋಡಲಿಲ್ಲ. ಏಳು ಆಗಿಹೋಗಿತ್ತು. ಕೂತೆ. ಹೆಡ್‌ಸೆಟ್ ಹಾಕಿದೆ.

ಅರ್ಧ ದಾರಿಯಲ್ಲಿ ಲಾರಿ ತೊದಲತೊಡಗಿತು. ಫ್ಯಾನುಗಳು ಹುಯ್ಯೋ ಅಂತ ಕೂಗತೊಡಗಿದವು. ಪರದೆಯ ಮೂಲೆಯಲ್ಲಿ ಶಾಖದ ಎಚ್ಚರಿಕೆ ಕೆಂಪಾಗಿ. ಕೆಳಗೆ ನೋಡಿದೆ. ಮುಂದಿನ ಜಾಲರಿ ಪೂರ್ತಿ ಹಸಿರು ಬಟ್ಟೆ.

ಗವಸು ಎಳೆದು ಕಿತ್ತೆ. ಹೊಲಿಗೆ ಬಿಟ್ಟ ಸದ್ದು ಬಂತು. ಅಮ್ಮ ಓಡಿ ಬಂದಳು. ಕೂಗಾಡಿದೆ. ಏನೇನು ಅಂತ ಪೂರ್ತಿ ನೆನಪಿಲ್ಲ. ಅವಳೂ ಏನೋ ಅಂದಳು. ಆಮೇಲೆ ಗವಸನ್ನು ಮೂಲೆಯಲ್ಲಿಟ್ಟು ಆಚೆ ಹೋದಳು.

ಕೆಲವರು ಕೇಳಿದರು, ಯಾರಿಗಕ್ಕಾ ಬೈದಿದ್ದು ಅಂತ. ಫೋನಲ್ಲಿ ಅಂದೆ.

ಜುಲೈ 12, ಬೆಳಗ್ಗೆ

ನಿನ್ನೆಯ ರೆಕಾರ್ಡಿಂಗ್ ಕೇಳಿದೆ. ಕೇಳಬಾರದಿತ್ತು.

ಫ್ಯಾನಿನ ಕೂಗು ಇಲ್ಲ. ಮಷೀನಿನ ಸದ್ದು ಇಲ್ಲ. ನನ್ನ ದನಿ ಒಂದೇ, ತೊಳೆದಿಟ್ಟ ಗಾಜಿನ ಹಾಗೆ.

"ಯಾರು ಹೇಳಿದ್ರು ನಿಂಗೆ ಇದನ್ನ ಹೊಲಿ ಅಂತ?"

ಖಾಲಿ.

"ಮುಂದೆ ಪೂರ್ತಿ ಮುಚ್ಚಿದ್ದೀಯಲ್ಲ! ಕಣ್ಣು ಕಾಣ್ಸಲ್ವಾ?"

ಖಾಲಿ. ಅಲ್ಲೊಂದು ಅರ್ಧ ಅಕ್ಷರ ಮಾತ್ರ ಜರಡಿಯಿಂದ ಜಾರಿ ಉಳಿದುಕೊಂಡಿದೆ: "ಎ..." ಅಷ್ಟೇ.

"ಬೇಡ. ನೀನೇನೂ ಮಾಡ್ಬೇಡ. ನಿನ್ನ ಚಿಂದಿ ಬಟ್ಟೆ ತಗೊಂಡು ಆಚೆ ಹೋಗು."

ಖಾಲಿ. ಆಮೇಲೆ ನಾನು ಮೂಗು ಏರಿಸಿಕೊಂಡು, ರೇಡಿಯೋ ದನಿಯಲ್ಲಿ: "ಸಾರಿ ಫ್ರೆಂಡ್ಸ್, ಎಲ್ಲಿದ್ವಿ ನಾವು?"

ನನ್ನ ಎದುರಿಗೆ ಯಾರೂ ಇರಲೇ ಇಲ್ಲ ಅನ್ನುವ ಹಾಗಿದೆ. ಹುಚ್ಚಿಯೊಬ್ಬಳು ಖಾಲಿ ಕೋಣೆಗೆ ಬೈಯುತ್ತಿದ್ದಾಳೆ. ಆ ಖಾಲಿ ಜಾಗದಲ್ಲಿ ಅಮ್ಮ ಏನು ಅಂದಳು? ಅವಳು ಹೇಳಿದ್ದು ಎದುರಿಗೇ ನಿಂತು. ನನ್ನ ಕಿವಿಗೆ ಯಾವ ಸಾಫ್ಟ್‌ವೇರೂ ಇರಲಿಲ್ಲ. ಆದರೂ ನೆನಪಿಲ್ಲ.

ಹೋಗಿ ಕೇಳಬಹುದು. ಆಚೆಯೇ ಇದ್ದಾಳೆ. ಹಲಗೆಯ ಅಗಲದ ದೂರ.

ಕೇಳಲಿಲ್ಲ. ಆಫೀಸಿಗೆ ಹೊತ್ತಾಯಿತು.

ಜುಲೈ 13

ಶಾಖಕ್ಕೆ ಒಳಗೇನಾದರೂ ಹಾಳಾಗಿದೆಯೇನೋ ಅಂತ ಆಗುತ್ತಣ್ಣನನ್ನು ಮನೆಗೆ ಕರೆಸಿದೆ. ಬಿಚ್ಚಿ ನೋಡಿದರು, ಮೂಸಿ ನೋಡಿದರು. ಏನೂ ಆಗಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಗವಸನ್ನು ಎತ್ತಿ ಕಾಜಾಗಳನ್ನು ತಿರುವಿ ತಿರುವಿ ನೋಡಿದರು.

"ಏನ್ ಕೈಗೆಲಸ ಇದು! ಯಾರು ಹೊಲಿದಿದ್ದು?"

"ನಾನೇ" ಅಂದಳು ಅಮ್ಮ, ಆಚೆಯಿಂದ ನೀರಿನ ಲೋಟ ಹಿಡಿದು ಬರುತ್ತ.

ದನಿ ಕೇಳಿದ್ದೇ ಅವರ ಮುಖ ಅರಳಿತು. "ಓಹೋ! ಪಕ್ಕದ ಅಂಗಡಿ ಟೈಲರಮ್ಮ ನೀವೇನಾ? ನಾನು ದಿನಾ ಲೈವ್ ನೋಡ್ತೀನಮ್ಮ. ನಿಮ್ಮ ಬಡಗಿ ಕಥೆ ಅರ್ಧಕ್ಕೆ ನಿಂತುಹೋಯ್ತಲ್ಲ! ಅಂಗಡಿ ಖಾಲಿ ಮಾಡಿದ್ರಿ ಅಂದ್ರು ಇವರು?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಮ್ಮ ನನ್ನನ್ನು ನೋಡಿದಳು. ಹೆಚ್ಚು ಹೊತ್ತು ನೋಡಲಿಲ್ಲ. ಅವರ ಕೈಗೆ ಲೋಟ ಕೊಟ್ಟು ನಕ್ಕಳು.

"ಖಾಲಿ ಮಾಡಿ ಎಲ್ಲಿಗೆ ಹೋಗ್ಲಿ? ಪಕ್ಕದಲ್ಲೇ ಇದ್ದೀನಿ. ಗೋಡೆ ಒಂದೇ ನಮಗೆ. ಈ ಹುಡುಗಿ ಒಬ್ಬಳೇ ಇರ್ತಾಳೆ ಅಂತ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ."

ನನ್ನ ಸುಳ್ಳನ್ನು ಅವಳು ಎತ್ತಿಕೊಂಡು, ಅಂಚು ಮಡಿಸಿ, ಹೊಲಿದು ಕೊಟ್ಟಳು. ದಾರ ಕೂಡ ಕಾಣದ ಹಾಗೆ.

ಬೈದಿದ್ದರೆ ಆಗುತ್ತಿತ್ತು.

ಜುಲೈ 14

ಆಫೀಸಿನಿಂದ ಬಂದಾಗ ಅಮ್ಮ ಹಲಗೆಯನ್ನು ಬೆರಳಿನಿಂದ ಟಕಟಕ ಬಡಿದಳು. "ಪಕ್ಕದವಳು ಒಳಗೆ ಬರಬಹುದಾ? ಊಟ ತಂದಿದ್ದೀನಿ." ಮುಖದಲ್ಲಿ ನಗು ಇತ್ತು. ಕಣ್ಣಿನಲ್ಲಿ ಇರಲಿಲ್ಲ.

"ಅಮ್ಮಾ..." ಅಂದೆ.

"ಆರಿಹೋಗುತ್ತೆ, ತಿನ್ನು."

ಜುಲೈ 22

ಅಮ್ಮ ಸಂಜೆ ಹೊಲಿಯುವುದನ್ನು ನಿಲ್ಲಿಸಿದ್ದಾಳೆ. ಕಿಟಕಿಗೆ ರಟ್ಟು ತೂಗುಹಾಕಿದ್ದಾಳೆ: ಬೆಳಗ್ಗೆ ಮಾತ್ರ. ಗಿರಾಕಿಗಳು ಬೆಳಗ್ಗೆ ಬಂದು ಹೋಗುತ್ತಾರೆ, ನಾನು ಆಫೀಸಿನಲ್ಲಿದ್ದಾಗ. ಸಂಜೆ ಹಲಗೆಯ ಆಚೆ ಗುಂಡಿ ಬಿದ್ದರೂ ಕೇಳುವಷ್ಟು ಮೌನ. ಅಮ್ಮ ಕೈಮೇಲೆ ಕೈಯಿಟ್ಟು ಕೂತಿರುತ್ತಾಳೆ. ಕೆಮ್ಮು ಬಂದರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಾಳೆ.

ಬೇಕು ಅಂದದ್ದೇ ಸಿಕ್ಕಿದೆ. ಅಷ್ಟು ಹುಡುಕಿ, ಹೋಲಿಸಿ, ಆರಿಸಿ ತಂದ ಕಾರ್ಡಿಗೆ ಈಗ ಒರೆಸಲು ಏನೂ ಇಲ್ಲ.

ಲೈವ್ ಮಾಡಿದರೆ ನನ್ನ ದನಿ ನನಗೇ ತಿರುಗಿ ಬಂದು ಹೊಡೆಯುತ್ತದೆ. ಇವತ್ತು ಲಾರಿಯನ್ನು ಹಳ್ಳಕ್ಕೆ ಇಳಿಸಿದೆ. ಬ್ರೇಕ್ ಫೇಲ್ ಕೇಳಿದ, "ಅಕ್ಕಾ, ಮನೇಲಿ ಎಲ್ಲ ಸರಿ ಇದ್ಯಾ?"

"ತಂಪಾಗಿದೆ" ಅಂದೆ. ಬಾಯಿಂದ ಬಂದ ಮೇಲೆ ಹೊಳೆಯಿತು, ಇದು ಬಡಗಿಯ ಮಾತು.

ಜುಲೈ 25, ರಾತ್ರಿ, ಲೈವ್ ಮುಗಿದ ಮೇಲೆ

ಕ್ರಮವಾಗಿ ಬರೆಯಬೇಕು. ಒಂದೂ ಬಿಟ್ಟುಹೋಗಬಾರದು.

ಏಳಕ್ಕೆ ಶುರು ಮಾಡಿದೆ. ಲಾರಿ ಹೊರಡಿಸಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಸದ್ದು ಒರೆಸುವ ಸಾಫ್ಟ್‌ವೇರ್ ಆಫ್ ಮಾಡಿದೆ. ಹೆಡ್‌ಸೆಟ್ ಕಳಚಿ, ಹಳೆಯ ಮೇಜಿನ ಮೈಕ್ ಹುಡುಕಿ ಚುಚ್ಚಿ, ಸ್ಟೂಲಿನ ಮೇಲೆ ಹತ್ತಿ, ಹಲಗೆಯ ತುದಿಗೆ ಇಟ್ಟೆ. ಬೆನ್ನ ಹಿಂದಿನ ಕಪ್ಪು ಬಟ್ಟೆ ಎಳೆದೆ. ಗಿರಾಕಿಗಳ ಪ್ಯಾಂಟುಗಳು ಸಾಲಾಗಿ ಕಂಡವು.

"ಪಕ್ಕದಲ್ಲಿ ಅಂಗಡಿ ಇಲ್ಲ" ಅಂದೆ. "ಯಾವತ್ತೂ ಇರಲಿಲ್ಲ. ಅದು ನಮ್ಮಮ್ಮ. ಅವತ್ತು ಬೈದಿದ್ದು ಫೋನಲ್ಲಲ್ಲ. ಅವಳಿಗೇ."

ರಾತ್ರಿಗೂಬೆ ಬರೆದಳು: "ಸರಿ. ಅಮ್ಮ ಇದ್ದಾರಾ ಈಗ?"

ಹಲಗೆ ತಟ್ಟಿದೆ.

"ಅಮ್ಮಾ. ಕಥೆ ಮುಗಿಸ್ತೀಯಾ?"

"ಯಾವುದು?"

"ಬಾಗಿಲಿಲ್ಲದ್ದು."

ಅಮ್ಮ ಆಚೆಯಿಂದಲೇ ಅಂದಳು: "ನಾನು ಪಕ್ಕದ ಅಂಗಡಿಯವಳು ಕಣಮ್ಮ. ಸಂಜೆ ಹೊತ್ತು ಅಂಗಡಿ ಇರಲ್ಲ."

ಎಲ್ಲರಿಗೂ ಕೇಳಿಸಿತು. ಕೇಳಿಸಲಿ. ಹಣೆಯನ್ನು ಹಲಗೆಗೆ ಒತ್ತಿ ನಿಂತೆ.

"ಅಮ್ಮಾ, ತಪ್ಪಾಯ್ತು."

ಆಚೆ ಕುರ್ಚಿ ಕಿರುಗುಟ್ಟಿತು.

"ಮಷೀನ್ ಓಡಿಸ್ದೆ ನನಗೆ ಕಥೆ ಬರಲ್ಲ. ಅದಿಲ್ದಿದ್ರೆ ಎಲ್ಲೋ ನಿಂತುಬಿಡ್ತೀನಿ. ನಿನ್ನ ಆಟಕ್ಕೆ ತೊಂದ್ರೆ ಆಗುತ್ತೆ."

"ಓಡ್ಸು."

ಓಡಿಸಿದಳು. ಆ ಸದ್ದು! ಕಿವಿ ತುಂಬಿತು. "ಇಂಜಿನ್ ಸ್ಟಾರ್ಟ್ ಆಯ್ತು" ಅಂತ ಬ್ರೇಕ್ ಫೇಲ್ ಬರೆದ. ಅಮ್ಮ ಬಡಗಿಯನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡಳು.

ಊರವರು ಬಂದರು. ಒಬ್ಬ, ಸೂರು ಸರಿಸಿ ಹತ್ತಿ ಬಾ ಅಂದ. ಇನ್ನೊಬ್ಬ, ನೆಲ ತೋಡು ಅಂದ. ಬಡಗಿಯದು ಎಲ್ಲರಿಗೂ ಒಂದೇ ಉತ್ತರ, ನಾನೇನು ಸಿಕ್ಕಿಕೊಂಡಿದ್ದೀನಾ? ತಂಪಾಗಿದೆ, ಕೂತಿದ್ದೀನಿ. ದನಿ ಮಾತ್ರ ಸಣ್ಣಗಾಗುತ್ತ ಬಂತು. ಕೊನೆಗೆ ತವರಿಗೆ ಹೋಗಿದ್ದ ಹೆಂಡತಿ ಬಂದಳು. ಮನೆಯನ್ನು ಒಂದು ಸುತ್ತು ಹಾಕಿದಳು. ಬಾಗಿಲಿಲ್ಲ. ಈಗ ನಗುತ್ತಾಳೆ ಅಂತ ಊರೆಲ್ಲ ಕಾದು ನಿಂತಿತು. ಅವಳು ನಗಲಿಲ್ಲ. ಯಾಕೆ ಅಂತ ಕೇಳಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಕೊಡಲಿ ಎತ್ತಿಕೊಂಡು, ತನ್ನ ಬಾಯಿಯನ್ನು ಗೋಡೆಯ ಹತ್ತಿರ ತಂದಳು.

"'ಎಲ್ಲಿ ಕಡೀಲಿ? ಅಷ್ಟು ಹೇಳಿ ಸಾಕು' ಅಂದ್ಲಂತೆ."

ಹಣೆಯನ್ನು ಹಲಗೆಯಿಂದ ತೆಗೆದೆ.

ಎ... ಜರಡಿಯಿಂದ ಜಾರಿದ ಅರ್ಧ ಅಕ್ಷರ. ಹರಿದ ಗವಸು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದ ಅಮ್ಮ. ಕತ್ತರಿ ಹಿಡಿದೇ ಓಡಿ ಬಂದಿದ್ದಳು. ನಾನು ಕೂಗುತ್ತಿದ್ದೆ, ಅವಳು ಅಂದಿದ್ದಳು: "ಎಲ್ಲಿ ಕತ್ತರಿಸ್ಲಿ ಹೇಳು, ಈಗ್ಲೇ ಮಾಡಿ ಕೊಡ್ತೀನಿ." ಅದನ್ನೇ ಅಂದಿದ್ದಳು. ಈಗ ಕೇಳಿಸಿತು.

ಅಮ್ಮ ಹೇಳುತ್ತಲೇ ಇದ್ದಳು. ಬಡಗಿ ಒಳಗಿಂದ ಒಂದು ಕಡೆ ಮೆಲ್ಲಗೆ ತಟ್ಟಿದ. ಟಕ್ ಟಕ್. ಅವನು ತಟ್ಟಿದಲ್ಲಿ ಅವಳು ಕಡಿದಳು. ಅಲ್ಲೇ ಬಾಗಿಲಾಯಿತು.

"ಸ್ವಲ್ಪ ಸೊಟ್ಟಗಿದೆ ಆ ಬಾಗಿಲು. ಬಡಗಿ ಮನೇದು ಅಂತ ಯಾರೂ ನಂಬಲ್ಲ. ಹೋಗೋದು ಬರೋದು ಮಾತ್ರ ಆರಾಮ" ಅಂದು ಅಮ್ಮ ದಾರ ಹಲ್ಲಿನಿಂದ ಕಡಿದಳು. ಅದೂ ಎಲ್ಲರಿಗೂ ಕೇಳಿಸಿತು.

ಜುಲೈ 26, ಬೆಳಗ್ಗೆ

ಎದ್ದು ಮೊದಲು ಲೈವ್ ಪುಟ ನೋಡಿದೆ. ಕೆಲವರು ಬಿಟ್ಟುಹೋಗಿದ್ದಾರೆ. ಅಮ್ಮನಿಗೆ ಬೈದವಳ ಮುಖ ನೋಡಲಾರೆ ಅಂತ ಒಬ್ಬರು ಬರೆದೇ ಹೋಗಿದ್ದಾರೆ. ಸರಿಯೇ. ಅಳಿಸಲಿಲ್ಲ, ಇರಲಿ.

ಬ್ರೇಕ್ ಫೇಲ್ ಬೆಳಗ್ಗೆ ಎದ್ದು ತಮ್ಮ ಮನೆಯ ಬಾಗಿಲಿನ ಫೋಟೋ ತೆಗೆದು ಹಾಕಿದ್ದಾನೆ. "ನಮ್ಮದೂ ಸೊಟ್ಟ." ಅದರ ಕೆಳಗೆ ಯಾರ್ಯಾರೋ ತಮ್ಮ ಬಾಗಿಲು. ರಾತ್ರಿಗೂಬೆ ಮಾತ್ರ ಬಾಗಿಲಿನ ಫೋಟೋ ಹಾಕಿಲ್ಲ. ತಂಗಿಯ ಜೊತೆ ಮಾತು ಬಿಟ್ಟಿದ್ದಳಂತೆ. ಬೆಳಗ್ಗೆ ಹೋಗಿ ಅವಳ ಕೋಣೆಯ ಗೋಡೆ ತಟ್ಟಿ ಬಂದೆ ಅಂತ ಬರೆದಿದ್ದಾಳೆ. ತಂಗಿ ತಿರುಗಿ ತಟ್ಟಿದಳೋ ಇಲ್ಲವೋ ಬರೆದಿಲ್ಲ.

ಆಗುತ್ತಣ್ಣ ಅಂಗಡಿ ತೆರೆಯುವ ಮೊದಲೇ ನಮ್ಮ ಕಿಟಕಿಯ ಮುಂದೆ. ಕೈಯಲ್ಲಿ ಒಂದು ಪ್ಯಾಂಟು. ನನ್ನ ಕಡೆ ನೋಡಲಿಲ್ಲ.

"ಅಂಚು ಮಡಿಸ್ಬೇಕಿತ್ತಮ್ಮ."

"ಇದು ಮಡಿಸೇ ಇದೆಯಲ್ಲಪ್ಪ?"

"ಇನ್ನೊಂದ್ಸಲ ಮಡಿಸಿ. ಆಗುತ್ತೆ."

"ಹೂಂ, ಆಗುತ್ತೆ. ಚಡ್ಡಿ ಆಗುತ್ತೆ."

ಹೊಸ ಕಥೆ ಇದೆಯಾ ಅಂತ ಕೇಳಿದರು. ಸಂಜೆ ಬನ್ನಿ ಅಂದಳು ಅಮ್ಮ. ಆಮೇಲೆ ಕಿಟಕಿಯ ರಟ್ಟನ್ನು ತೆಗೆದು ಅಳತೆಯ ಬಟ್ಟೆಗಳ ಕೆಳಗೆ ತಳ್ಳಿದಳು.

ನನ್ನ ಜೊತೆ ಅವಳು ಇನ್ನೂ ಸರಿಯಾಗಿ ಮಾತಾಡಿಲ್ಲ. ಮಾತಾಡಲೇಬೇಕು ಅಂತ ಹೇಗೆ ಹೇಳಲಿ? ಆದರೆ ಈಗ, ಇದನ್ನು ಬರೆಯುತ್ತಿರುವಾಗ, ಪರದೆ ಸರಿಸಿ ಬಂದು ಮೇಜಿನ ಮೇಲೆ ಹಸಿರು ಗವಸು ಹಾಸಿದ್ದಾಳೆ. ಬಿಟ್ಟ ಹೊಲಿಗೆ ಆಗಲೇ ಹಾಕಿ ಆಗಿದೆ. ಕತ್ತರಿ ಅವಳ ಕೈಯಲ್ಲಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಈ ಪುಟದ ಮೇಲೇ ಇಟ್ಟು ನಿಂತಿದ್ದಾಳೆ.

"ಎಲ್ಲಿ ಅಂತ ನೀನೇ ಗೀರು" ಅನ್ನುತ್ತಿದ್ದಾಳೆ.

ಜಾಲರಿ ಶುರುವಾಗುವುದು ಕೆಳಗಿನಿಂದ ಸುಮಾರು...